‘ಅವನೇ ಶ್ರೀಮನ್ನಾರಾಯಣ’: ಒಬ್ಬರಿಗೆ ಕಣ್ಣಿಗೆ ಹಬ್ಬ, ಇನ್ನೊಬ್ಬರಿಗೆ ‘ಲ್ಯಾಗ್’. ಯಾಕೆ ಹೀಗೆ?

(ಈ ವಾರದ ಸಂಚಿಕೆಯ ಅಕ್ಷರ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಮಲ್ಲತ್ತಹಳ್ಳಿಯಿಂದ ಮಾತಾಡ್ತಿದ್ದೀನಿ. ಜ್ಞಾನಭಾರತಿ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ರಾತ್ರಿ ಊಟ ಆದ್ಮೇಲೆ ಮೊಬೈಲ್ ಹಿಡ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಒಂದು ಹಳೇ ಜಗಳ. ‘ಅವನೇ ಶ್ರೀಮನ್ನಾರಾಯಣ’ ಬಿಡುಗಡೆಯಾಗಿದ್ದು 2019ರ ಡಿಸೆಂಬರ್ 27ಕ್ಕೆ. ಅಷ್ಟು ವರ್ಷದ ಹಿಂದಿನ ಸಿನಿಮಾ, ಆದರೂ ನಮ್ಮ ಗೆಳೆಯರ ಗುಂಪಲ್ಲಿ ಅದರ ಹೆಸರು ಎತ್ತಿದರೆ ಸಾಕು, ಎರಡು ಪಾರ್ಟಿ ಆಗ್ತಾರೆ. ಒಂದು ಪಾರ್ಟಿ ಹೇಳೋದು: “ಕನ್ನಡದಲ್ಲಿ ಇಂಥ ಲೋಕ ಕಟ್ಟಿದವರು ಯಾರಿದ್ದಾರೆ ತೋರಿಸು.” ಇನ್ನೊಂದು ಪಾರ್ಟಿ: “ಸೆಟ್ ಚೆನ್ನಾಗಿದೆ ಗುರು, ಕಥೆ ಎಲ್ಲಿ?” ನಮ್ಮ ಮನೆಯಲ್ಲೂ ಅದೇ ಕಥೆ. ಅಮ್ಮನಿಗೆ ಅದು ಚಂದಮಾಮ ಓದಿದ ಹಾಗೆ ಅನ್ನಿಸ್ತು. ನಮ್ಮ ಮಾವನ ಮಗ ಇಂಟರ್ವಲ್ ಆದ್ಮೇಲೆ ನಾಲ್ಕು ಸಲ ಟೈಮ್ ನೋಡಿದ.

ಒಂದೇ ತೆರೆ, ಒಂದೇ ಸಿನಿಮಾ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಇದು ಹೇಗೆ ಆಗುತ್ತೆ? ಅದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು ಸಿನಿಮಾ ಏನು ಅಂತ

ನೋಡದೇ ಇರೋರಿಗೆ ಎರಡು ಮಾತು. ಕಥೆಯ ಕೊನೆ ಹೇಳಲ್ಲ, ಹೆದರಬೇಡಿ. ಅಮರಾವತಿ ಅಂತ ಒಂದು ಕಾಲ್ಪನಿಕ ಊರು. ಎಂಬತ್ತರ ದಶಕದ ಹಾಗೆ ಕಾಣೋ ಕಾಲ. ಒಂದು ನಾಟಕ ತಂಡ ಒಂದು ನಿಧಿಯನ್ನ ದೋಚಿರುತ್ತೆ. ಆ ನಿಧಿಯ ಹಿಂದೆ ಬಿದ್ದಿರೋರು ಅಭೀರರು ಅನ್ನೋ ಡಕಾಯಿತರು. ವರ್ಷಗಳಾದ ಮೇಲೆ ಅಲ್ಲಿಗೆ ಬರೋನು ಇನ್ಸ್‌ಪೆಕ್ಟರ್ ನಾರಾಯಣ, ಅಂದರೆ ರಕ್ಷಿತ್ ಶೆಟ್ಟಿ. ಜೊತೆಗೆ ಹೆಡ್ಡನಂತೆ ಕಂಡರೂ ಮನಸ್ಸಿಗೆ ಹತ್ತಿರ ಆಗೋ ಅಚ್ಯುತಣ್ಣ, ಅಂದರೆ ಅಚ್ಯುತ್ ಕುಮಾರ್. ಪತ್ರಕರ್ತೆ ಲಕ್ಷ್ಮಿಯಾಗಿ ಶಾನ್ವಿ ಶ್ರೀವಾಸ್ತವ. ಖಳರ ಕಡೆ ಬಾಲಾಜಿ ಮನೋಹರ್, ಪ್ರಮೋದ್ ಶೆಟ್ಟಿ.

ನಿರ್ದೇಶಕ ಸಚಿನ್ ರವಿ. ಅವರು ಮೊದಲು ‘ಉಳಿದವರು ಕಂಡಂತೆ’ ಸಿನಿಮಾದ ಸಂಕಲನಕಾರ. ಕ್ಯಾಮೆರಾ ಕರಮ್ ಚಾವ್ಲಾ, ಪ್ರೊಡಕ್ಷನ್ ಡಿಸೈನ್ ಉಲ್ಲಾಸ್ ಹೈದೂರ್, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್. ಐದು ಭಾಷೆಗಳಿಗೆ ಅಂತ ತಯಾರಾದ ಸಿನಿಮಾ. ಅವಧಿ ಮೂರು ಗಂಟೆಗೂ ಮೇಲೆ. ಈ ಕೊನೆಯ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಲೆಕ್ಕ ಹಾಕೋಣ.

ಅಜ್ಜಿ ಕಥೆಗೆ ಹೆಸರಿರಲ್ಲ

ಮೊದಲನೇ ಕಾರಣ ಕಥೆಯ ಜಾತಿಗೆ ಸಂಬಂಧಪಟ್ಟದ್ದು.

ಎ. ಕೆ. ರಾಮಾನುಜನ್ ನಮ್ಮ ಕನ್ನಡದ ಮನೆಗಳಲ್ಲಿ ಹೇಳೋ ಕಥೆಗಳನ್ನ ವರ್ಷಗಟ್ಟಲೆ ಕೂಡಿಹಾಕಿದವರು. ಅವರು ಒಂದು ಚೆಂದದ ವ್ಯತ್ಯಾಸ ಗುರುತಿಸಿದ್ದರು. ಮನೆಯೊಳಗೆ ಅಜ್ಜಿಯರು ಹೇಳೋ ಕಥೆಗಳಲ್ಲಿ ಪಾತ್ರಗಳಿಗೆ ಹೆಸರೇ ಇರಲ್ಲ. ಒಬ್ಬ ರಾಜ, ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ಊರು, ಅಷ್ಟೇ. ಅದೇ ಊರ ಮುಂದೆ, ಜನ ಸೇರಿದ ಕಡೆ ವೃತ್ತಿ ಗಾಯಕರು ಹಾಡೋ ಕಥೆಗಳಲ್ಲಿ ಹೆಸರು ಬರುತ್ತೆ, ಊರು ಬರುತ್ತೆ, ವಂಶ ಬರುತ್ತೆ. ಮಲೆ ಮಾದೇಶ್ವರನ ಕಥೆ ಕೇಳಿ ನೋಡಿ, ಬೆಟ್ಟ ಯಾವುದು, ಹಳ್ಳಿ ಯಾವುದು, ಎಲ್ಲಾ ಗೊತ್ತಾಗುತ್ತೆ.

ಇದರಿಂದ ಏನಾಗುತ್ತೆ ಅಂದ್ರೆ, ಹೆಸರಿಲ್ಲದ ಕಥೆಯಲ್ಲಿ ನಾವು ಪ್ರಶ್ನೆ ಕೇಳಲ್ಲ. ರಾಕ್ಷಸ ಯಾಕೆ ಕೆಟ್ಟವನು? ಯಾಕಂದ್ರೆ ಅವನು ರಾಕ್ಷಸ. ಅವನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಯಾಕಿದೆ? ಇದೆ, ಅಷ್ಟೇ, ಮುಂದಕ್ಕೆ ಹೇಳು ಅಜ್ಜಿ. ಆದರೆ ಊರಿಗೆ ಅಮರಾವತಿ ಅಂತ ಹೆಸರಿಟ್ಟು, ಪೊಲೀಸ್ ಸ್ಟೇಷನ್ ಇಟ್ಟು, ಕೋಟೆ ಇಟ್ಟು, ಹಳೇ ದ್ವೇಷಕ್ಕೆ ಒಂದು ಲೆಕ್ಕ ಇಟ್ಟ ತಕ್ಷಣ ನಮ್ಮ ತಲೆ ಇನ್ನೊಂದು ಗೇರಿಗೆ ಹೋಗುತ್ತೆ. ಈ ಊರಿನ ಜನ ಏನು ಕೆಲಸ ಮಾಡ್ತಾರೆ? ಸರ್ಕಾರ ಎಲ್ಲಿದೆ? ಅಷ್ಟು ವರ್ಷ ನಿಧಿ ಯಾಕೆ ಯಾರಿಗೂ ಸಿಗಲಿಲ್ಲ?

ಈ ಸಿನಿಮಾ ಎರಡನ್ನೂ ಬೇಡುತ್ತೆ. ಅಜ್ಜಿ ಕಥೆಯ ನಂಬಿಕೆ ಬೇಕು, ಪತ್ತೇದಾರಿ ಕಥೆಯ ಲೆಕ್ಕಾಚಾರವೂ ಬೇಕು. ಅಮ್ಮ ಮೊದಲನೇ ಬಾಗಿಲಿಂದ ಒಳಗೆ ಹೋದಳು. ಮಾವನ ಮಗ ಎರಡನೇ ಬಾಗಿಲಿಂದ ಹೋದ. ಒಳಗೆ ಇಬ್ಬರಿಗೂ ಬೇರೆ ಬೇರೆ ಮನೆ ಕಾಣಿಸ್ತು.

‘ಮಣ್ಣಿನ ವಾಸನೆ ಇಲ್ಲ’ ಅನ್ನೋ ದೂರು

ಎರಡನೇ ದೂರು ಇದು: ಬಾರು, ಟೋಪಿ, ಧೂಳು, ಕುದುರೆ, ಎಲ್ಲಾ ಕೌಬಾಯ್ ಸಿನಿಮಾದಿಂದ ತಂದಿದ್ದಾರೆ, ಇದರಲ್ಲಿ ಕನ್ನಡ ಎಲ್ಲಿದೆ ಅಂತ.

ದೂರಿನಲ್ಲಿ ಸ್ವಲ್ಪ ಹುರುಳಿದೆ. ಹೊರಗಿನ ನೋಟ ಕೌಬಾಯ್ ಸಿನಿಮಾಗಳದ್ದೇ. ಆದರೆ ಒಳಗೆ ನೋಡಿ. ಅಭೀರರು ಅನ್ನೋ ಹೆಸರು ಮಹಾಭಾರತದ್ದು. ಕೃಷ್ಣ ಹೋದ ಮೇಲೆ ದ್ವಾರಕೆಯ ಹೆಂಗಸರನ್ನ ಕರ್ಕೊಂಡು ಹೋಗ್ತಿದ್ದ ಅರ್ಜುನನ ಮೇಲೆ ಬಿದ್ದು ದೋಚಿದವರು ಅಭೀರರು. ಗಾಂಡೀವ ಹಿಡಿದ ಅರ್ಜುನನ ಕೈಲೂ ತಡೆಯೋಕೆ ಆಗಲಿಲ್ಲ. ಡಕಾಯಿತರಿಗೆ ಆ ಹೆಸರನ್ನ ಸುಮ್ನೆ ಇಟ್ಟಿಲ್ಲ. ನಾರಾಯಣ, ಲಕ್ಷ್ಮಿ, ಜಯರಾಮ, ಅಚ್ಯುತ ಅನ್ನೋ ಹೆಸರುಗಳನ್ನೂ ಸುಮ್ನೆ ಇಟ್ಟಿಲ್ಲ.

ಇನ್ನು ನಿಧಿ ದೋಚಿದವರು ಯಾರು? ನಾಟಕದವರು. ಕನ್ನಡದಲ್ಲಿ ಕಣ್ಣಿಗೆ ಹಬ್ಬ ಅನ್ನೋ ಮಾತಿಗೆ ಮೊದಲು ಅರ್ಥ ಕೊಟ್ಟಿದ್ದೇ ಕಂಪನಿ ನಾಟಕದವರು. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರ್ತಿದ್ದವು. ಆಗ ಜನ ಕಾಸು ಕೊಟ್ಟು ಹೋಗ್ತಿದ್ದದ್ದು ಕಥೆ ಕೇಳೋಕೆ ಮಾತ್ರ ಅಲ್ಲ, ಅದು ಅವರಿಗೆ ಮೊದಲೇ ಗೊತ್ತಿತ್ತು. ನೋಡೋಕೆ ಹೋಗ್ತಿದ್ರು. ನಾನಿರೋ ಮಲ್ಲತ್ತಹಳ್ಳಿಯಲ್ಲೇ ಕಲಾಗ್ರಾಮ ಇದೆ, ಅಲ್ಲೇ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇದೆ. ಅಲ್ಲಿ ನಾಟಕ ನೋಡಿ ಬರೋರಿಗೆ ಒಂದು ಬಟ್ಟೆ ಕಟ್ಟಿದರೂ ಸಮುದ್ರ ಕಾಣುತ್ತೆ ಅನ್ನೋದು ಗೊತ್ತು. ಎರಡೂ ನಮ್ಮವೇ. ಆನೆಯೂ ನಮ್ಮದು, ಬಟ್ಟೆಯ ಸಮುದ್ರವೂ ನಮ್ಮದು.

ಸಿನಿಮಾದಲ್ಲೂ ಹಾಗೇ. ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್ ಸಿಂಗ್ 1951ರಲ್ಲೇ ‘ಜಗನ್ಮೋಹಿನಿ’ ಅನ್ನೋ ಮಾಯಾಜಾಲದ ಸಿನಿಮಾ ಮಾಡಿ ಗೆದ್ದರು. ಅದೇ ಬಳಗದಲ್ಲಿದ್ದ ಉಡುಪಿ ಉದ್ಯಾವರದ ಬಿ. ವಿಠಲಾಚಾರ್ಯ ಮುಂದೆ ತೆಲುಗಿಗೆ ಹೋಗಿ ‘ಜಾನಪದ ಬ್ರಹ್ಮ’ ಅನ್ನಿಸಿಕೊಂಡರು. ಅವರು ಕಡಿಮೆ ಖರ್ಚಲ್ಲಿ ಮಾಯೆ ತೋರಿಸೋದಕ್ಕೇ ಹೆಸರುವಾಸಿ. ಇನ್ನೊಂದು ಕಡೆ, ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಗಿರೀಶ್ ಕಾರ್ನಾಡರು ‘ನಾಗಮಂಡಲ’ ನಾಟಕ ಬರೆದರು, 1997ರಲ್ಲಿ ಟಿ. ಎಸ್. ನಾಗಾಭರಣ ಅದನ್ನ ಸಿನಿಮಾ ಮಾಡಿದರು. ಒಂದು ಹಾವು, ಒಂದು ಮನೆ, ಒಬ್ಬಳು ಹೆಣ್ಣು, ಬಾಗಿಲಿಗೆ ಬೀಗ. ಲಾವಿಷ್ ಏನೂ ಇಲ್ಲ, ಆದರೂ ಮಾಯೆ ಕೆಲಸ ಮಾಡುತ್ತೆ.

ಹಾಗಾಗಿ ‘ಇದು ನಮ್ಮದಲ್ಲ’ ಅನ್ನೋ ಮಾತನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು ಅನ್ಸುತ್ತೆ.

ಈಗ ಕಾಮರ್ಸ್ ಹುಡುಗನ ಲೆಕ್ಕ

ಬಿಕಾಂ ಓದಿದೋನು ನಾನು, ಲೆಕ್ಕ ಹಾಕದೇ ಇದ್ರೆ ನಿದ್ದೆ ಬರಲ್ಲ.

ಒಂದು ತೆರೆಯಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂದರವರೆಗೆ ಶೋ ನಡೆಸಬಹುದು ಅಂತ ಇಟ್ಕೊಳ್ಳಿ. ಹದಿನೈದು ಗಂಟೆ. ಎರಡೂಕಾಲು ಗಂಟೆಯ ಸಿನಿಮಾಗೆ ಇಂಟರ್ವಲ್, ಕ್ಲೀನಿಂಗ್ ಸೇರಿ ಅರ್ಧ ಗಂಟೆ ಹಾಕಿ. ಐದು ಶೋ ಕೂರುತ್ತೆ. ಮೂರು ಗಂಟೆಯ ಸಿನಿಮಾಗೆ ಅದೇ ಅರ್ಧ ಗಂಟೆ ಸೇರಿಸಿದರೆ ನಾಲ್ಕೇ ಶೋ. ಅಂದ್ರೆ ದಿನಕ್ಕೆ ಐದರಲ್ಲಿ ಒಂದು ಭಾಗ ಸೀಟು ಮಾರೋಕೆ ಮೊದಲೇ ಇಲ್ಲ. ಹೆಚ್ಚು ಖರ್ಚಾಗಿರೋ ಸಿನಿಮಾಗೆ ಮಾರೋಕೆ ಸೀಟು ಕಡಿಮೆ. ಹಾಗಾಗಿ ಮೊದಲ ವಾರ ಬಾಯಿಂದ ಬಾಯಿಗೆ ಹೋಗೋ ಮಾತು ಅಂಥ ಸಿನಿಮಾಗೆ ಜೀವ ಹೋಗೋ ವಿಷಯ.

ನೋಡುಗನ ಕಡೆಯ ಲೆಕ್ಕ ಏನು? ತಲಾ 200 ರೂಪಾಯಿ ಟಿಕೆಟ್ ಅಂತ ಇಟ್ಕೊಂಡರೂ ನಾಲ್ಕು ಜನರ ಮನೆಗೆ 800. ಪಾಪ್‌ಕಾರ್ನ್, ಪಾರ್ಕಿಂಗ್, ಆಟೋ ಬೇರೆ. ವಿಜಯನಗರದಿಂದ ಮಾಗಡಿ ರೋಡಿನ ಟ್ರಾಫಿಕ್ ದಾಟಿ ಹೋಗಿ ಬರೋ ಹೊತ್ತಿಗೆ ಭಾನುವಾರ ಮುಗಿದೇ ಹೋಗುತ್ತೆ. ಒಂದು ಇಡೀ ಭಾನುವಾರ ಕೊಟ್ಟವನು ಮಧ್ಯದ ನಲವತ್ತು ನಿಮಿಷ ಎಳೆದಾಡಿದರೆ ಬೇಜಾರಾಗೋದು ನ್ಯಾಯವೇ. ಅದೇ ಸಿನಿಮಾವನ್ನ ಆಮೇಲೆ ಮನೆಯಲ್ಲಿ ಎರಡು ಕಂತಲ್ಲಿ ನೋಡಿದವನಿಗೆ ಉದ್ದ ಒಂದು ಸಮಸ್ಯೆಯೇ ಅಲ್ಲ. ಆದರೆ ಅವನಿಗೆ ಸೆಟ್‌ನ ಅರ್ಧ ವಿವರ ಆರು ಇಂಚಿನ ಮೊಬೈಲ್‌ನಲ್ಲಿ ಕಾಣಿಸಲ್ಲ. ಥಿಯೇಟರಿನವನಿಗೆ ಲೋಕ ಸಿಕ್ಕಿತು, ಸಮಯ ಹೋಯ್ತು. ಮೊಬೈಲಿನವನಿಗೆ ಸಮಯ ಉಳೀತು, ಲೋಕ ಹೋಯ್ತು. ಇಬ್ಬರೂ ಆಮೇಲೆ ಒಂದೇ ಗ್ರೂಪಲ್ಲಿ ಜಗಳ ಆಡ್ತಾರೆ.

ಇನ್ನೊಂದು ಮಾತು. ನಮಗೆ ಕಾಲೇಜಲ್ಲಿ ಸಂಕ್ ಕಾಸ್ಟ್ ಅಂತ ಪಾಠ ಇತ್ತು. ಈಗಾಗಲೇ ಖರ್ಚಾಗಿ ಹೋದ ದುಡ್ಡು, ವಾಪಸ್ ಬರಲ್ಲ, ಅದನ್ನ ನೋಡಿ ಮುಂದಿನ ನಿರ್ಧಾರ ಮಾಡಬಾರದು. ದೊಡ್ಡ ಸೆಟ್‌ನ ಯಾವ ಸಿನಿಮಾಗಾದರೂ ಈ ಗಂಡಾಂತರ ಇದ್ದೇ ಇದೆ. ಅಷ್ಟು ಜನ ಬಡಗಿಗಳು, ಪೇಂಟರ್‌ಗಳು ಸೇರಿ ಕಟ್ಟಿದ ಜಾಗದಲ್ಲಿ ತೆಗೆದ ದೃಶ್ಯವನ್ನ ಸಂಕಲನದ ಟೇಬಲ್ ಮೇಲೆ ಕತ್ತರಿಸೋಕೆ ಯಾರಿಗೆ ಮನಸ್ಸು ಬರುತ್ತೆ? ಆದರೆ ನೋಡುಗನಿಗೆ ಆ ಖರ್ಚು ಕಾಣಲ್ಲ. ಅವನಿಗೆ ಕಾಣೋದು ಕಥೆ ಮುಂದಕ್ಕೆ ಹೋಗ್ತಿದೆಯಾ ಇಲ್ಲವಾ ಅನ್ನೋದು.

ನಿರೀಕ್ಷೆ ಅನ್ನೋ ಮೂರನೇ ಪಾತ್ರ

2016ರ ಕೊನೆಯಲ್ಲಿ ‘ಕಿರಿಕ್ ಪಾರ್ಟಿ’ ಬಂತು. ಅದನ್ನ ಇಷ್ಟಪಟ್ಟವರು ಅದೇ ನಗು, ಅದೇ ಕಾಲೇಜಿನ ಬಿಸಿ ಹುಡುಕ್ಕೊಂಡು ಇಲ್ಲಿಗೆ ಬಂದರು. 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಬಂತು. ಅದನ್ನ ನೋಡಿದವರು ಐದು ಭಾಷೆ ಅಂದ ತಕ್ಷಣ ಅದೇ ಗುಡುಗು ಬೇಕು ಅಂದುಕೊಂಡರು. ಈ ಸಿನಿಮಾ ಎರಡೂ ಅಲ್ಲ. ನಿಧಾನಕ್ಕೆ ತಮಾಷೆ ಮಾಡ್ತಾ ಒಗಟು ಬಿಡಿಸೋ ಸಿನಿಮಾ.

ಇದೇ ಮಾತು 2022ರ ಜುಲೈ 28ಕ್ಕೆ ಬಂದ ‘ವಿಕ್ರಾಂತ್ ರೋಣ’ಕ್ಕೂ ಅನ್ವಯಿಸುತ್ತೆ. ಅನೂಪ್ ಭಂಡಾರಿ ನಿರ್ದೇಶನ, ಸುದೀಪ್, ತ್ರೀಡಿ, ಕಾಡಿನ ನಡುವೆ ಕಮರೊಟ್ಟು ಅನ್ನೋ ಕಲ್ಪಿತ ಊರು, ಮಕ್ಕಳನ್ನ ಹೆದರಿಸೋ ಗುಮ್ಮನ ಕಥೆ. ಅಲ್ಲೂ ದೃಶ್ಯ ಸೂಪರ್, ಚಿತ್ರಕಥೆ ಸಾಲದು ಅಂತ ಜನ ಎರಡು ಭಾಗ ಆದರು. ಶೀರ್ಷಿಕೆಯನ್ನ ಬುರ್ಜ್ ಖಲೀಫಾ ಮೇಲೆ ತೋರಿಸಿದ ಮೇಲೆ ನೋಡುಗನ ನಿರೀಕ್ಷೆಯೂ ಅಷ್ಟೇ ಎತ್ತರಕ್ಕೆ ಹೋಗುತ್ತೆ.

ನಾನು ಯಾವ ಪಾರ್ಟಿ?

ತಪ್ಪಿಸಿಕೊಳ್ಳಲ್ಲ, ಹೇಳ್ತೀನಿ. ನನಗೆ ಅಮರಾವತಿ ಇಷ್ಟ. ಅಚ್ಯುತಣ್ಣನ ಮುಖ ನೋಡಿ ನಕ್ಕಿದ್ದೀನಿ. ಒಗಟು ಬಿಚ್ಚಿಕೊಳ್ಳೋ ಭಾಗದಲ್ಲಿ ಮೈ ಜುಂ ಅಂದಿದೆ. ಆದರೆ ಮಧ್ಯದಲ್ಲಿ ಅಭೀರರ ಕೋಟೆಗೂ ಊರಿಗೂ ಓಡಾಡೋ ಭಾಗ ಉದ್ದವಾಯ್ತು. ಲಕ್ಷ್ಮಿಯ ಪಾತ್ರಕ್ಕೆ ಮಾಡೋಕೆ ಇನ್ನೂ ಕೆಲಸ ಕೊಡಬಹುದಿತ್ತು. ಅರ್ಧ ಗಂಟೆ ಕಡಿಮೆ ಆಗಿದ್ದರೆ ಇದೇ ಲೋಕ ಇನ್ನೂ ಹೊಳೀತಿತ್ತು ಅನ್ನೋದು ನನ್ನ ಅಭಿಪ್ರಾಯ.

ಆದರೆ ನನಗೆ ನಿಜವಾಗಿ ತಲೆಬಿಸಿ ಆಗೋದು ನಾವು ಅಭಿಪ್ರಾಯ ಹೇಳೋ ರೀತಿ ಬಗ್ಗೆ. ‘ಲ್ಯಾಗ್’ ಅನ್ನೋ ಒಂದು ಪದ ಮೂರು ವರ್ಷದ ಕೆಲಸವನ್ನ ಒಂದು ಸಂಜೆಯಲ್ಲಿ ಮುಗಿಸಿಬಿಡುತ್ತೆ. ಆಮೇಲೆ ಹಣ ಹಾಕೋನು ಕಲಿಯೋ ಪಾಠ ಏನು? ‘ಚಿತ್ರಕಥೆ ಬಿಗಿ ಮಾಡು’ ಅಂತ ಕಲಿಯಲ್ಲ. ‘ಮಾಯೆ, ಕಲ್ಪನೆ ಎಲ್ಲಾ ಬೇಡ, ಮಚ್ಚು ಹಿಡಿಸು’ ಅಂತ ಕಲೀತಾನೆ. ಇನ್ನೊಂದು ಕಡೆ, ‘ಕನ್ನಡದವರ ಪ್ರಯತ್ನ, ಬೈಬೇಡಿ’ ಅನ್ನೋರೂ ಅಷ್ಟೇ ನಷ್ಟ ಮಾಡ್ತಾರೆ. ಪ್ರಯತ್ನಕ್ಕೆ ಮಾರ್ಕ್ಸ್ ಕೊಟ್ಟರೆ ಮುಂದಿನ ಸಿನಿಮಾದಲ್ಲಿ ಸೆಟ್ ದೊಡ್ಡದಾಗುತ್ತೆ, ಕಥೆ ಹಾಗೇ ಇರುತ್ತೆ. ಎರಡರಲ್ಲೂ ಸೋಲೋದು ನಾಳೆ ಒಂದು ಕಾಲ್ಪನಿಕ ಊರು ಕಟ್ಟಬೇಕು ಅಂತ ಕನಸು ಕಾಣ್ತಿರೋ ಯಾರೋ ಒಬ್ಬ ಹುಡುಗ, ಹುಡುಗಿ.

‘ಉಳಿದವರು ಕಂಡಂತೆ’ 2014ರಲ್ಲಿ ಥಿಯೇಟರ್‌ನಲ್ಲಿ ದೊಡ್ಡದಾಗಿ ಓಡಲಿಲ್ಲ. ಇವತ್ತು ಅದರ ಡೈಲಾಗ್ ಗೊತ್ತಿಲ್ಲದ ಕಾಲೇಜು ಹುಡುಗರು ಕಡಿಮೆ. ಜನ ಆಮೇಲೆ ವಿವರವಾಗಿ ಮಾತಾಡಿದರು, ಅದಕ್ಕೇ ಅದು ಉಳೀತು.

ಹಾಗಾಗಿ ಮುಂದಿನ ಸಲ ಇಂಥ ಸಿನಿಮಾ ನೋಡಿ ಬಂದಾಗ ಸ್ಟೇಟಸ್ ಹಾಕೋ ಮುಂಚೆ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ಇದು ಅಜ್ಜಿ ಕಥೆಯಾ, ಪತ್ತೇದಾರಿ ಕಥೆಯಾ, ಯಾವುದಾಗೋಕೆ ಹೊರಟಿತ್ತು? ನನಗೆ ಬೇಜಾರಾಗಿದ್ದು ಸಿನಿಮಾದ್ದಾ, ನಾನು ತಂದ ನಿರೀಕ್ಷೆಯದ್ದಾ? ದೊಡ್ಡ ತೆರೆ ಮೇಲೆ ನೋಡಿದ್ನಾ, ಅಂಗೈಯಲ್ಲಿ ನೋಡಿದ್ನಾ? ಚೆನ್ನಾಗಿರಲಿಲ್ಲ ಅನ್ನೋದಾದ್ರೆ ಯಾವ ಜಾಗದಿಂದ ಯಾವ ಜಾಗದವರೆಗೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಿದರೆ ಅದು ವಿಮರ್ಶೆ. ಹೇಳದಿದ್ದರೆ ಬರೀ ಸದ್ದು.

ನೀವು ಯಾವ ಪಾರ್ಟಿ, ಯಾವ ದೃಶ್ಯಕ್ಕೆ ಅಂತ ವಾಯ್ಸ್ ನೋಟ್ ಕಳಿಸಿ. ಎರಡೂ ಕಡೆಯವರದ್ದು ಹಾಕ್ತೀನಿ, ಬೈಗುಳ ಇದ್ದರೆ ಮಾತ್ರ ಕತ್ತರಿ. ಮುಂದಿನ ವಾರ ಸಿಗೋಣ. ಬರ್ತೀನಿ, ನಮಸ್ಕಾರ.