ನವೋದಯಕ್ಕೆ ಮನೆಪಾಠ: 62 ಗಂಟೆಯ ಲೆಕ್ಕ

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ ಸಮಯ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ, ಉತ್ತರ ಹುಡುಕಲು ಒಂದೂವರೆ ನಿಮಿಷ. 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 20 ಗಣಿತದ್ದು, 20 ಭಾಷೆಯದ್ದು. ಜೂನ್ ತಿಂಗಳು ಬಂತೆಂದರೆ ಐದನೇ ತರಗತಿಯ ಮಗುವಿರುವ ಮನೆಗಳಲ್ಲಿ ವಿಚಾರಣೆ ಶುರು: ಯಾವ ಮೇಷ್ಟ್ರು ಒಳ್ಳೆಯವರು, ಯಾವ ಊರಿನ ಕೋಚಿಂಗು ಚೆನ್ನ, ಫೀಸು ಎಷ್ಟು? ಮಗುವಿಗೆ ಒಟ್ಟು ಎಷ್ಟು ಗಂಟೆಯ ಪಾಠ ಬೇಕು ಎಂದು ಕೇಳಿಕೊಳ್ಳುವವರು ಕಡಿಮೆ. ಆ ಒಂದು ಲೆಕ್ಕವನ್ನು ಮೊದಲೇ ಹಾಕಿದರೆ ಸಾಲ ಮಾಡುವ ಪ್ರಮೇಯ ಎಷ್ಟೋ ಮನೆಗಳಿಗೆ ಬರುವುದಿಲ್ಲ.

ಮೊದಲು ಸೀಟುಗಳ ಮಾತು. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ದೇಶದ 650ಕ್ಕೂ ಹೆಚ್ಚು ಶಾಲೆಗಳನ್ನು ಕೂಡಿಸಿದರೆ ಸುಮಾರು 52,000. ಅರ್ಜಿ ಹಾಕುವ ಮಕ್ಕಳು 20 ಲಕ್ಷಕ್ಕೂ ಮೇಲು. ಅಂದರೆ ನೂರಕ್ಕೆ ಮೂರು ಮಕ್ಕಳಿಗೂ ಸೀಟಿಲ್ಲ. ಎರಡನೇ ಅವಕಾಶವೂ ಇಲ್ಲ, ಒಂದು ಮಗು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ಅರ್ಜಿಗೆ ಶುಲ್ಕವಿಲ್ಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಸೀಟು ಇಷ್ಟು ಕಡಿಮೆ ಇರುವಾಗ ಎಂತಹ ಮೇಷ್ಟ್ರು ಸಿಕ್ಕರೂ ಸೀಟು ಖಾತ್ರಿ ಎಂದು ಯಾರೂ ಹೇಳುವಂತಿಲ್ಲ. ಖಾತ್ರಿ ಕೊಡುವವರಿದ್ದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಆ 80 ಸೀಟುಗಳಲ್ಲಿ ಕನಿಷ್ಠ ಶೇಕಡಾ 75, ಅಂದರೆ 60, ಗ್ರಾಮೀಣ ಮಕ್ಕಳಿಗೆ. ಹಳ್ಳಿಯ ತಂದೆತಾಯಿ ಎಡವುವುದು ಇಲ್ಲೇ. ಗ್ರಾಮೀಣ ಕೋಟಾ ಬೇಕಾದರೆ ಮಗು 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಎಂದೇ ಎಣಿಕೆ. ಕೋಚಿಂಗ್ ಹತ್ತಿರವಾಗಲಿ ಎಂದು ಮಗುವಿನ ಟಿ.ಸಿ. ತೆಗೆಸಿ ತಾಲ್ಲೂಕು ಪಟ್ಟಣದ ಶಾಲೆಗೆ ಹಾಕಿದರೆ 60 ಸೀಟಿನ ಕೋಟಾ ಕೈಬಿಟ್ಟು ಉಳಿದ 20ರ ಸ್ಪರ್ಧೆಗೆ ತಳ್ಳಿದಂತಾಗುತ್ತದೆ. ಮಗು ಯಾವ ಜಿಲ್ಲೆಯ ನವೋದಯಕ್ಕೆ ಪರೀಕ್ಷೆ ಬರೆಯುತ್ತದೋ ಅದೇ ಜಿಲ್ಲೆಯಲ್ಲಿ ವಾಸವಿದ್ದು, ಅಲ್ಲೇ ಐದನೇ ತರಗತಿ ಓದುತ್ತಿರಬೇಕು ಎಂಬ ನಿಯಮವೂ ಇದೆ. ಹಾಗಾಗಿ ಮೇಷ್ಟ್ರನ್ನು ಮಗುವಿದ್ದ ಊರಿಗೆ ಕರೆಸುವುದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಅದೇ ಲಾಭ.

ಈಗ ಪ್ರಶ್ನೆಪತ್ರಿಕೆಯನ್ನು ಬಿಚ್ಚೋಣ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳೂ ಬರೀ ಚಿತ್ರಗಳು. ಓದುವುದಕ್ಕೆ ಅಲ್ಲಿ ಏನೂ ಇಲ್ಲ. ಹತ್ತು ಬಗೆ, ಒಂದೊಂದು ಬಗೆಯಲ್ಲಿ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ ಆಕೃತಿ, ಹೋಲುವ ಆಕೃತಿ, ಮಾದರಿ ಪೂರ್ಣಗೊಳಿಸುವುದು, ಆಕೃತಿ ಸರಣಿ, ಸಾದೃಶ್ಯ, ತ್ರಿಕೋನ-ಚೌಕ-ವೃತ್ತ ಪೂರ್ಣಗೊಳಿಸುವುದು, ಕನ್ನಡಿ ಬಿಂಬ, ಮಡಿಸಿ ರಂಧ್ರ ಮಾಡಿದ ಕಾಗದ, ತುಂಡು ಜೋಡಿಸುವುದು, ಅಡಗಿದ ಆಕೃತಿ. 100ರಲ್ಲಿ 50 ಅಂಕ ಇಷ್ಟಕ್ಕೇ. ಶಾಲೆಯ ಪಠ್ಯಪುಸ್ತಕದಲ್ಲಿ ಇವು ಪಾಠವಾಗಿ ಬರುವುದಿಲ್ಲ. ಮೇಷ್ಟ್ರ ಅಗತ್ಯ ನಿಜವಾಗಿ ಇರುವುದು ಇಲ್ಲಿ.

ಇದನ್ನು ಕಲಿಸುವ ಬಗೆ ನೋಡಿದರೆ ಗಂಟೆ ಎಷ್ಟು ಬೇಕೆಂದು ತಿಳಿಯುತ್ತದೆ. ಮಡಿಸಿದ ಕಾಗದದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಮೇಷ್ಟ್ರು ಹಲಗೆಯ ಮೇಲೆ ಚಿತ್ರ ಬರೆಯುತ್ತಾ ಕೂರುವುದಿಲ್ಲ, ಮಗುವಿನ ಕೈಗೆ ರಫ್ ನೋಟ್‌ಬುಕ್ಕಿನ ಒಂದು ಹಾಳೆ ಕೊಡುತ್ತಾರೆ. ಒಮ್ಮೆ ಅಡ್ಡ ಮಡಿಸು, ಇನ್ನೊಮ್ಮೆ ಉದ್ದ ಮಡಿಸು, ಮೂಲೆಯಲ್ಲಿ ಪೆನ್ಸಿಲ್ ತುದಿಯಿಂದ ಚುಚ್ಚು. ಬಿಚ್ಚುವ ಮೊದಲು ಎಷ್ಟು ತೂತು, ಎಲ್ಲೆಲ್ಲಿ, ಹೇಳು. ಮೊದಲ ಸಲ ಮಗು ಎರಡು ಎನ್ನುತ್ತದೆ. ಬಿಚ್ಚಿದರೆ ನಾಲ್ಕು! ಐದಾರು ಹಾಳೆ ಚುಚ್ಚುವಷ್ಟರಲ್ಲಿ ಮಡಿಕೆಯ ಗೆರೆಯೇ ಕನ್ನಡಿ ಎಂದು ಅದಕ್ಕೆ ತಾನಾಗಿ ಹೊಳೆಯುತ್ತದೆ. ಆಮೇಲೆ ಕನ್ನಡಿ ಬಿಂಬದ ಪ್ರಶ್ನೆಗಳೂ ಅರ್ಧ ಬಂದಂತೆ. ಇಷ್ಟಕ್ಕೆ ಒಂದು ಗಂಟೆ ಸಾಕು. ಇನ್ನೊಂದು ಗಂಟೆ ಹಳೆಯ ಪ್ರಶ್ನೆಗಳ ಅಭ್ಯಾಸಕ್ಕೆ. ಬಗೆಗೆ ಎರಡು ಗಂಟೆಯಂತೆ ಹತ್ತು ಬಗೆಗೆ 20 ಗಂಟೆ.

ಗಣಿತ ಹಾಗಲ್ಲ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆ, ಲಾಭ-ನಷ್ಟ, ಸುತ್ತಳತೆ, ವಿಸ್ತೀರ್ಣ ಇವುಗಳಲ್ಲಿ ಹೆಚ್ಚಿನವನ್ನು ಶಾಲೆಯಲ್ಲೇ ಹೇಳಿಕೊಡುತ್ತಾರೆ. ಮೇಷ್ಟ್ರು ಮಾಡಬೇಕಾದ್ದು ಬಿಟ್ಟುಹೋದದ್ದನ್ನು ತುಂಬಿ ಕೈ ಚುರುಕು ಮಾಡುವುದು. ಹನ್ನೆರಡು ವಿಷಯ, ತಲಾ ಎರಡು ಗಂಟೆ, ಒಟ್ಟು 24 ಎಂದು ಹಿಡಿಯೋಣ. ಭಾಷೆಯಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಮನೆಯಲ್ಲಿ ದಿನಾ ಪತ್ರಿಕೆ ಅಥವಾ ಕತೆ ಪುಸ್ತಕ ಓದುವ ಮಗುವಿಗೆ ಇದಕ್ಕೆ 10 ಗಂಟೆಯೂ ಹೆಚ್ಚೇ. ಕೊನೆಗೆ ಎಂಟು ಮಾದರಿ ಪರೀಕ್ಷೆ. ಎರಡು ಗಂಟೆ ಗಡಿಯಾರ ಹಿಡಿದು ಕೂರಿಸುವುದಕ್ಕೆ ಅಪ್ಪನೋ ಅಮ್ಮನೋ ಅಜ್ಜನೋ ಸಾಕು, ಅದಕ್ಕೆ ಮೇಷ್ಟ್ರಿಗೆ ದುಡ್ಡು ಕೊಡಬೇಕಿಲ್ಲ. ತಪ್ಪು ಎಲ್ಲಿ, ಯಾಕೆ ಎಂದು ತೋರಿಸುವ ಒಂದು ಗಂಟೆ ಮಾತ್ರ ಅವರದು. ಅದು 8 ಗಂಟೆ.

20, 24, 10, 8. ಒಟ್ಟು 62 ಗಂಟೆ. ಸಾಧಾರಣವಾಗಿ ಓದುವ ಮಗುವಿಗೆ ನಾನು ಹಾಕಿದ ಅಂದಾಜು ಇದು. ಗಣಿತದಲ್ಲಿ ಹಿಂದುಳಿದಿದ್ದರೆ ಹತ್ತು ಹನ್ನೆರಡು ಗಂಟೆ ಸೇರಿಸಿಕೊಳ್ಳಿ. 2025ರಲ್ಲಿ ಪರೀಕ್ಷೆ ಡಿಸೆಂಬರ್ 13ಕ್ಕೇ ಇತ್ತು, ಆದ್ದರಿಂದ ಜೂನ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ 25 ವಾರ ಎಂದಿಟ್ಟುಕೊಂಡರೆ ವಾರಕ್ಕೆ ಎರಡೂವರೆ ಗಂಟೆ. ಶನಿವಾರ ಮಧ್ಯಾಹ್ನ ಒಂದು ಗಂಟೆ, ಭಾನುವಾರ ಬೆಳಗ್ಗೆ ಒಂದೂವರೆ. ಮಗುವಿಗೆ ಶಾಲೆ ತಪ್ಪದು, ಆಟವೂ ತಪ್ಪದು.

ಇನ್ನು ದುಡ್ಡು. ಮನೆಪಾಠದ ದರ ಊರಿಂದೂರಿಗೆ ಬೇರೆ. ಲೆಕ್ಕದ ಅನುಕೂಲಕ್ಕೆ ಗಂಟೆಗೆ 200 ರೂಪಾಯಿ ಎಂದು ಹಿಡಿಯುತ್ತೇನೆ, ನಿಮ್ಮೂರಿನ ದರ ಹಾಕಿ ಗುಣಿಸಿಕೊಳ್ಳಿ. 62 ಗಂಟೆಗೆ 12,400 ರೂಪಾಯಿ. ಅದೇ ಮೇಷ್ಟ್ರನ್ನು ದಿನಾ ಒಂದು ಗಂಟೆ ಎಂದು ಗೊತ್ತು ಮಾಡಿದರೆ ತಿಂಗಳಿಗೆ 26 ದಿನದಂತೆ ಆರು ತಿಂಗಳಿಗೆ 156 ಗಂಟೆ, 31,200 ರೂಪಾಯಿ. ಹೆಚ್ಚಾದ 94 ಗಂಟೆಯಲ್ಲಿ ನಡೆಯುವುದು ಬಹುಪಾಲು ಶಾಲೆಯ ಪಾಠದ ಪುನರಾವರ್ತನೆ. ಅದಕ್ಕೆ ತೆರುವ ಬೆಲೆ 18,800.

ಒಂದೇ ಊರಿನ ನಾಲ್ಕು ಮಕ್ಕಳು ಜೊತೆಯಾದರೆ ಇನ್ನೂ ಹಗುರ. ಮೇಷ್ಟ್ರಿಗೆ ಗಂಟೆಗೆ 200ರ ಬದಲು 320 ಕೊಡಿ. 62 ಗಂಟೆಗೆ 19,840, ತಲೆಗೆ 4,960. ಒಬ್ಬರೇ ಇಟ್ಟುಕೊಂಡಿದ್ದರೆ ಆಗುತ್ತಿದ್ದ ಖರ್ಚಿಗಿಂತ ಪ್ರತಿ ಮನೆಗೂ 7,440 ರೂಪಾಯಿ ಉಳಿತಾಯ. ಮೇಷ್ಟ್ರಿಗೂ ಅಷ್ಟೇ 7,440 ರೂಪಾಯಿ ಹೆಚ್ಚು ಸಂಪಾದನೆ. ಗಂಟೆಯಲ್ಲಿ ಒಂದೊಂದು ಮಗುವಿಗೆ 15 ನಿಮಿಷ ಗಮನ ಸಿಗುತ್ತದೆ. 60 ಮಕ್ಕಳ ಕೋಚಿಂಗ್ ಕೋಣೆಯಲ್ಲಿ ಅದು ಒಂದು ನಿಮಿಷ. ನನ್ನ ಮಟ್ಟಿಗೆ ನಾಲ್ಕು ಮಕ್ಕಳ ಈ ಏರ್ಪಾಡೇ ಎಲ್ಲಕ್ಕಿಂತ ಉತ್ತಮ. ಮಡಿಸಿದ ಕಾಗದವನ್ನು ಒಬ್ಬರದೊಬ್ಬರು ನೋಡಿ ವಾದಕ್ಕಿಳಿಯುವ ಮಕ್ಕಳು ಬೇಗ ಕಲಿಯುತ್ತಾರೆ. ಮೇಷ್ಟ್ರೇ ಪಕ್ಕದ ಊರಿನಲ್ಲಿದ್ದರೆ ಬಸ್ ಖರ್ಚು ಸೇರಿಸಿಕೊಳ್ಳಬೇಕು. ಹೆಣ್ಣುಮಗು ಅಮ್ಮನ ಜೊತೆ ಹೋಗುವುದಾದರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಆ ಖರ್ಚೂ ಇಲ್ಲ.

ವಸತಿ ಸಹಿತ ಕೋಚಿಂಗ್ ಕಡೆಗೆ ಬರೋಣ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಮೂರನ್ನೂ ಒಂದೇ ಬ್ಯಾನರಿನಲ್ಲಿ ಹಾಕಿದ ಕೇಂದ್ರಗಳು ಕಾಣುತ್ತವೆ. ಊಟ, ವಸತಿ ಸೇರಿ ತಿಂಗಳಿಗೆ 8,000 ಎಂದು ಹಿಡಿದರೂ 10 ತಿಂಗಳಿಗೆ 80,000. ಕೋಚಿಂಗ್ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಹೇಳಿದ ಫೀಸಿನಲ್ಲಿ ಅದು ಸೇರಿದೆಯೇ ಎಂದು ಕೇಳದಿದ್ದರೆ ಆಮೇಲೆ 14,400 ರೂಪಾಯಿಯ ಬಿಲ್ ಬರಬಹುದು. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಒಬ್ಬಂಟಿ ಮೇಷ್ಟ್ರಿಗೆ ಈ ತೆರಿಗೆ ಅನ್ವಯಿಸುವುದಿಲ್ಲ. ಈ 80,000ವನ್ನು ಎರಡು ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡಬೇಕು. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ಖಾಸಗಿ ಕೋಚಿಂಗ್‌ಗೆ ವಿದ್ಯಾರ್ಥಿಯೊಬ್ಬರ ಮೇಲಿನ ಸರಾಸರಿ ಖರ್ಚು ವರ್ಷಕ್ಕೆ ಹಳ್ಳಿಗಳಲ್ಲಿ 1,793 ರೂಪಾಯಿ, ನಗರಗಳಲ್ಲಿ 3,988. ಇನ್ನೊಂದು, ನವೋದಯದ್ದೇ ಶುಲ್ಕ. 6ರಿಂದ 8ನೇ ತರಗತಿಗೆ ಏನೂ ಇಲ್ಲ. 9ರಿಂದ 12ರವರೆಗೆ ತಿಂಗಳಿಗೆ 600, ನಾಲ್ಕು ವರ್ಷಕ್ಕೆ 28,800. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ದರ ಬೇರೆ. ಮುಖ್ಯವಾಗಿ ಗ್ರಾಮೀಣ ಮಕ್ಕಳಿಗಾಗಿ ಕಟ್ಟಿದ ಶಾಲೆಯ ಬಾಗಿಲು ತಟ್ಟಲು ಆ ಶಾಲೆಯ ಫೀಸಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಸುರಿಯಬೇಕಾಗಿ ಬರುವುದು ನನಗೆ ನುಂಗಲಾರದ ಸಂಗತಿ.

ಹತ್ತು ವರ್ಷದ ಮಗುವನ್ನು ವಸತಿ ಕೋಚಿಂಗಿನಲ್ಲಿ ಬಿಟ್ಟುಬರುವುದು ಸರಿಯೇ ಎಂಬ ಪ್ರಶ್ನೆ ದುಡ್ಡಿಗಿಂತ ದೊಡ್ಡದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರ 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳುವಂತಿಲ್ಲ, ಶಾಲೆಯ ಸಮಯದಲ್ಲಿ ತರಗತಿ ನಡೆಸುವಂತಿಲ್ಲ, ಮಗು ನಡುವೆ ಬಿಟ್ಟರೆ ಉಳಿದ ಅವಧಿಯ ಫೀಸನ್ನು 10 ದಿನದಲ್ಲಿ ಹಿಂತಿರುಗಿಸಬೇಕು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿದೆ. ಮನೆಪಾಠದ ಮೇಷ್ಟ್ರಿಗೆ ಇದು ಅನ್ವಯಿಸದಿದ್ದರೂ ಅವರೊಂದಿಗಿನ ಒಪ್ಪಂದಕ್ಕೆ ಇದೇ ಮಾದರಿಯಾಗಲಿ: ಇಡೀ ವರ್ಷದ ಹಣ ಮುಂಗಡ ಬೇಡ, ಆಯಾ ತಿಂಗಳು ನಡೆದ ಗಂಟೆಗಳಿಗೆ ಆಯಾ ತಿಂಗಳ ಕೊನೆಯಲ್ಲಿ.

ಮೇಷ್ಟ್ರನ್ನು ಎಲ್ಲಿ ಹುಡುಕಬೇಕು? ಮಗುವಿನ ಶಾಲೆಯ ಶಿಕ್ಷಕರನ್ನೇ ಕೇಳುವುದು ರೂಢಿ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸಿದೆ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡ. ಗಣಿತಕ್ಕೆ ನಿವೃತ್ತ ಶಿಕ್ಷಕರಷ್ಟು ತಾಳ್ಮೆಯವರು ಸಿಗುವುದು ಕಷ್ಟ. ಚಿತ್ರಗಳ ಭಾಗಕ್ಕೆ ಬಿ.ಇಡಿ. ಮುಗಿಸಿ ನೇಮಕಾತಿಗೆ ಕಾಯುತ್ತಿರುವವರು, ನವೋದಯದಲ್ಲೇ ಓದಿ ಈಗ ಡಿಗ್ರಿ ಮಾಡುತ್ತಿರುವ ನಿಮ್ಮ ಸುತ್ತಲಿನ ಹುಡುಗ ಹುಡುಗಿಯರು. ಈ ಪರೀಕ್ಷೆಯನ್ನು ತಾವೇ ಬರೆದು ಗೆದ್ದವರು ಈ ಕೊನೆಯವರು. ಒಬ್ಬರೇ ಎಲ್ಲ ಕಲಿಸಲಿ ಎಂಬ ಹಟವೂ ಬೇಡ. 20 ಗಂಟೆ ಇವರಿಗೆ, 24 ಗಂಟೆ ಅವರಿಗೆ ಎಂದು ಹಂಚಬಹುದು.

ಗೊತ್ತು ಮಾಡುವ ಮೊದಲು ಒಂದು ಗಂಟೆಯ ಪಾಠಕ್ಕೆ ದುಡ್ಡು ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಉತ್ತರ ‘ಸಿ’ ಎಂದು ಹೇಳಿ ಮುಂದೆ ಹೋಗುವವರು ಬೇಡ. ಎ, ಬಿ, ಡಿ ಯಾಕೆ ಅಲ್ಲ ಎಂದು ಮಗುವಿನ ಬಾಯಿಂದಲೇ ಹೊರಡಿಸುವವರು ಬೇಕು. ಎಷ್ಟು ಮಕ್ಕಳು ಆಯ್ಕೆಯಾದರು ಎಂದು ಕೇಳಿದಾಗ ಎಷ್ಟು ಮಂದಿಯಲ್ಲಿ ಎಂದೂ ಕೇಳಿ. ಬ್ಯಾನರಿನಲ್ಲಿ 40 ಫೋಟೊ ಇದ್ದು ಸೇರಿದವರು 800 ಇದ್ದರೆ ಅದು ನೂರಕ್ಕೆ ಐದು. ಆಯ್ಕೆಯಾದ ಮಗುವಿನ ಕಡೆಯವರ ಲಿಖಿತ ಒಪ್ಪಿಗೆ ಇಲ್ಲದೆ ಕೋಚಿಂಗ್ ಕೇಂದ್ರಗಳು ಫೋಟೊ ಹಾಕುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರವೇ 2024ರ ನವೆಂಬರ್‌ನಲ್ಲಿ ಹೇಳಿದೆ.

ಸೈನಿಕ ಶಾಲೆಗೂ ಬರೆಸುವವರು ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ವಿಜಯಪುರ ಮತ್ತು ಕೊಡಗಿನಲ್ಲಿ ಸೈನಿಕ ಶಾಲೆಗಳಿವೆ. ಆರನೇ ತರಗತಿಯ ಪರೀಕ್ಷೆ 125 ಪ್ರಶ್ನೆ, 300 ಅಂಕ, 150 ನಿಮಿಷ. ಅದರಲ್ಲಿ ಗಣಿತವೊಂದೇ 50 ಪ್ರಶ್ನೆ, 150 ಅಂಕ. ಅಂದರೆ ನವೋದಯದಲ್ಲಿ ಅರ್ಧ ಚಿತ್ರ, ಸೈನಿಕದಲ್ಲಿ ಅರ್ಧ ಗಣಿತ. ನವೋದಯ, ಸೈನಿಕ, ಮೊರಾರ್ಜಿ ಮೂರಕ್ಕೂ ಒಂದೇ ಪ್ಯಾಕೇಜ್ ಎನ್ನುವವರು ಈ ಗಂಟೆಗಳನ್ನು ಹೇಗೆ ಹಂಚುತ್ತಾರೆಂದು ಕೇಳಿ ತಿಳಿದುಕೊಳ್ಳಿ.

ಸೀಟು ಸಿಗದ ಮಕ್ಕಳೇ ಹೆಚ್ಚು. ಅವರ 62 ಗಂಟೆ ನೀರಿಗೆ ಹೋಗುವುದಿಲ್ಲ. ಎಂಟನೇ ತರಗತಿ ಓದುವಾಗ ಒಂಬತ್ತಕ್ಕೆ ನವೋದಯ ಸೇರಲು ಇನ್ನೊಂದು ಪರೀಕ್ಷೆ ಇದೆ: ಎರಡೂವರೆ ಗಂಟೆ, ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಖಾಲಿ ಬಿದ್ದ ಸೀಟುಗಳಿಗೆ ಮಾತ್ರ ಅದು, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅದಕ್ಕಿಂತ ಹತ್ತಿರದ ದಾರಿ ಎಂಟನೇ ತರಗತಿಯಲ್ಲೇ ಬರುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದರೆ ಬರೆಯಲು ಅವಕಾಶ. ಎರಡು ಪತ್ರಿಕೆಗಳಲ್ಲಿ ಒಂದು ಪೂರ್ತಿ ಮಾನಸಿಕ ಸಾಮರ್ಥ್ಯದ್ದು, 90 ಪ್ರಶ್ನೆ. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ ವಿದ್ಯಾರ್ಥಿವೇತನ ನೇರ ಮಗುವಿನ ಖಾತೆಗೆ. ಮಗು ಎಂಟಕ್ಕೆ ಬಂದ ಕೂಡಲೇ ಮುಖ್ಯ ಶಿಕ್ಷಕರನ್ನು ಕಂಡು ಅರ್ಜಿಯ ದಿನಾಂಕ ಕೇಳಿಕೊಳ್ಳಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.