ಮಲ್ಲರಂಗದ ಪ್ರವೇಶಗಾನ

ಕುಸ್ತಿಗೂ ಸಂಗೀತಕ್ಕೂ ಏನು ನಂಟೆಂದು ವಾಚಕರು ಹುಬ್ಬೇರಿಸಬಹುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕುಸ್ತಿಕಣದ ಬದಿಯ ಹಲಗೆಯ ಬಡಿತವನ್ನು ಕೇಳಿದವರಿಗೆ ಈ ಸಂಶಯ ಬಾರದು. ಆದರೆ ಅಲ್ಲಿ ವಾದ್ಯವು ಹೋರಾಟದ ಬೆನ್ನಿಗಿರುತ್ತದೆ. ಟೆಲಿವಿಷನ್ನಿನಲ್ಲಿ ಬಿತ್ತರಗೊಳ್ಳುವ ಅಮೆರಿಕದ ವೃತ್ತಿಕುಸ್ತಿಯಲ್ಲಾದರೋ ಮಲ್ಲನು ಬರುವಾಗ ಸಂಗೀತ, ಗೆದ್ದ ಮೇಲೆ ಸಂಗೀತ. ಕಾದಾಟದ ನಡುವೆ ಸಾಮಾನ್ಯವಾಗಿ ಜನರ ಕೂಗು ಮಾತ್ರ. ನಾನೂ ಬಹುಕಾಲ ಇದನ್ನು ಬರಿಯ ಗದ್ದಲವೆಂದೇ ಎಣಿಸಿದ್ದೆ.

ಅಲ್ಲಿ ಜಯಾಪಜಯಗಳು ಮೊದಲೇ ನಿಶ್ಚಿತ. ಆದುದರಿಂದ ಅದನ್ನು ನಾಟ್ಯವೆಂದೇ ಪರಿಗಣಿಸುವುದು ಯುಕ್ತ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಐದು ಬಗೆಯ ಧ್ರುವಾಗಾನಗಳನ್ನು ಹೇಳಿದ್ದಾನೆ. ಪಾತ್ರವು ರಂಗವನ್ನು ಹೊಗುವಾಗ ಹಾಡುವಂಥದು ಪ್ರಾವೇಶಿಕೀ, ನಿರ್ಗಮಿಸುವಾಗಿನದು ನೈಷ್ಕ್ರಾಮಿಕೀ. ಪಾತ್ರವು ಬಾಯ್ದೆರೆಯುವ ಮೊದಲೇ ಪ್ರೇಕ್ಷಕನ ಚಿತ್ತವನ್ನು ಹದಗೊಳಿಸುವುದು ಪ್ರವೇಶಗಾನದ ಕಾರ್ಯ. 1990ರಲ್ಲಿ ಆ ರಂಗಕ್ಕೆ ಬಂದ 'ಅಂಡರ್‌ಟೇಕರ್' ಎಂಬ ಮಲ್ಲನನ್ನು ನೋಡಿರಿ. ದೀಪಗಳು ಆರುತ್ತವೆ, ಗಂಟೆಯೊಂದು ಮೊಳಗುತ್ತದೆ. ಶೋಪೆನ್ ರಚಿಸಿದ ಶವಯಾತ್ರೆಯ ರಾಗದ ಛಾಯೆಯುಳ್ಳ ವಾದ್ಯಘೋಷದೊಡನೆ ಅವನು ಮೆಲ್ಲಮೆಲ್ಲನೆ ನಡೆದು ಬರುತ್ತಾನೆ. ಒಂದು ಪೆಟ್ಟೂ ಬೀಳದೆ ಭಯಾನಕರಸವು ನಿಷ್ಪನ್ನವಾಗಿರುತ್ತದೆ.

ಒಂದೇ ರಾಗವು ಸಂದರ್ಭಭೇದದಿಂದ ಬೇರೆ ರಸವನ್ನೂ ಕೊಡಬಲ್ಲುದು. ಆಂಗ್ಲ ಸಂಗೀತಕಾರ ಎಲ್ಗರನು 1901ರಲ್ಲಿ ರಚಿಸಿದ 'ಪಾಂಪ್ ಅಂಡ್ ಸರ್ಕಮ್‌ಸ್ಟನ್ಸ್' ಎಂಬ ನಡಿಗೆಯ ವಾದ್ಯಗೀತವು ಅಮೆರಿಕದ ಶಾಲೆಗಳಲ್ಲಿ ಪದವಿಪ್ರದಾನದಂದು ನುಡಿಸುವಂಥದು. ಅದನ್ನು 1940ರ ದಶಕದಲ್ಲಿ 'ಗಾರ್ಜಿಯಸ್ ಜಾರ್ಜ್' ಎಂಬ ಮಲ್ಲನು ತನ್ನ ಬೆಡಗಿನ ಪ್ರವೇಶಕ್ಕೆ ಬಳಸಿ ಜನರನ್ನು ಕೆರಳಿಸಿದನು. ಮುಂದೆ ರ್‍ಯಾಂಡಿ ಸ್ಯಾವೇಜನೂ ಅದನ್ನೇ ತನ್ನದಾಗಿಸಿಕೊಂಡನು. ಅವನು ಗರ್ವಿಷ್ಠನ ಪಾತ್ರಧಾರಿ. ರಾಗಕ್ಕೂ ಆ ಗರ್ವವೇ ಅಂಟಿಕೊಂಡಿತು. 1991ರ ಮಾರ್ಚ್ 24ರಂದು ಲಾಸ್ ಏಂಜಲೀಸಿನಲ್ಲಿ, ಸೋತವನು ಕುಸ್ತಿಯನ್ನೇ ಬಿಡಬೇಕೆಂಬ ಪಣದಲ್ಲಿ ಅವನು ಸೋತನು. ಹಿಂದೆ ಅಗಲಿದ್ದ ಎಲಿಜಬೆತ್ ಪ್ರೇಕ್ಷಕರ ನಡುವಿನಿಂದ ಓಡಿಬಂದು ಅವನನ್ನು ಕೂಡಿಕೊಂಡಳು. ಎಂದೂ ತನಗಾಗಿ ಅವಳಿಂದ ಹಗ್ಗವನ್ನು ಹಿಡಿಸುತ್ತಿದ್ದವನು ಅಂದು ಅವಳು ಹೊರಗೆ ಹೋಗಲೆಂದು ತಾನೇ ಹಿಡಿದು ನಿಂತನು. ಮೊಳಗಿದ್ದು ಅದೇ ಹಳೆಯ ರಾಗ; ಸಭೆಯಲ್ಲಿ ಜನರು ಕಣ್ಣೀರಿಡುತ್ತಿದ್ದರು. ಕಟ್ಟುಕತೆಗೆ ಅತ್ತವರು ಮೂಢರೆನ್ನುವುದಾದರೆ, ಹರಿಶ್ಚಂದ್ರ ನಾಟಕದ ಸ್ಮಶಾನದೃಶ್ಯಕ್ಕೆ ಸೆರಗಿನಿಂದ ಕಣ್ಣೊರಸಿಕೊಂಡ ನಮ್ಮ ಹಿರಿಯರನ್ನು ಏನೆಂದು ಕರೆಯೋಣ?

ರಾಗವನ್ನು ತೆಗೆದರೆ ಏನಾದೀತೆಂಬುದಕ್ಕೂ ನಿದರ್ಶನವುಂಟು. 1990ರ ದಶಕದಲ್ಲಿ ಇಸಿಡಬ್ಲ್ಯು ಎಂಬ ಸಂಸ್ಥೆಯ 'ಸ್ಯಾಂಡ್‌ಮನ್' ಎಂಬ ಮಲ್ಲನು ಮೆಟಾಲಿಕಾ ತಂಡದ 'ಎಂಟರ್ ಸ್ಯಾಂಡ್‌ಮನ್' ಗೀತೆಯೊಡನೆ ಜನರ ನಡುವೆಯೇ ನಡೆದುಬರುತ್ತಿದ್ದನು, ಸಭಿಕರೆಲ್ಲ ದನಿಗೂಡಿಸುತ್ತಿದ್ದರು. ಹಕ್ಕುಸ್ವಾಮ್ಯದ ತೊಡಕಿನಿಂದ, ಅನಂತರದ ಮರುಬಿತ್ತರಗಳಲ್ಲಿ ಆ ಗೀತೆಯ ಸ್ಥಾನಕ್ಕೆ ಬೇರೊಂದನ್ನು ಜೋಡಿಸಿದ್ದಾರೆ. ಮಲ್ಲನು ಅವನೇ, ನಡಿಗೆ ಅದೇ. ನೂರಾರು ಬಾಯಿಗಳು ತೆರೆದು ಹಾಡುತ್ತಿರುವುದು ಕಾಣುತ್ತದೆ. ಅವರು ಹಾಡುತ್ತಿರುವ ಹಾಡು ಮಾತ್ರ ಕೇಳಿಬರುವುದಿಲ್ಲ.