ಕಾಯಕಕ್ಕೆ ಹೊರಡುವವರಿಗೊಂದು ಹಗುರ ವಾಹನ

ಮಲಪ್ರಭೆಯ ತಟದಲ್ಲಿ, ಶರಣೆ ಗಂಗಾಂಬಿಕೆಯವರ ಐಕ್ಯಸ್ಥಳದಿಂದ ಪುನೀತವಾದ ನಮ್ಮ ಎಂ.ಕೆ. ಹುಬ್ಬಳ್ಳಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಹಿಂದೆ 4ನೆಯ ಸಂಖ್ಯೆಯದೆಂದೂ ಇಂದು 48ನೆಯ ಸಂಖ್ಯೆಯದೆಂದೂ ಕರೆಯಿಸಿಕೊಳ್ಳುವ ಈ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ವಾಹನಗಳು ಹರಿಯುತ್ತಿರುತ್ತವೆ. ಆದರೆ ಹೆದ್ದಾರಿಯನ್ನು ಬಿಟ್ಟು ಒಳಗಿನ ಹಳ್ಳಿಗಳಿಗೆ ನಿತ್ಯವೂ ಕೆಲಸಕ್ಕೆ ಹೋಗಿಬರುವವರ ಪಾಡು ಬೇರೆಯೇ ಆಗಿದೆ.

ನನ್ನ ತಮ್ಮನ ಮಗಳು ಆರು ಕಿಲೋಮೀಟರು ದೂರದ ಹಳ್ಳಿಯೊಂದರ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ಬರೆಯುವ ಕಾಯಕದಲ್ಲಿದ್ದಾಳೆ. ಬೆಳಗಿನ ಬಸ್ಸು ತಪ್ಪಿತೆಂದರೆ ಅರ್ಧ ದಿನದ ಪಗಾರ ಹೋದಂತೆಯೇ. ವಿದ್ಯುತ್ತಿನಿಂದ ಓಡುವ ಗಾಡಿಯೊಂದನ್ನು ಕೊಳ್ಳುವ ವಿಚಾರ ಬಂದಾಗ ಮನೆಯಲ್ಲಿ ಯಾರಿಗೂ ಧೈರ್ಯ ಸಾಲಲಿಲ್ಲ. ಅದಕ್ಕೆ ಕಾರಣವೂ ಇತ್ತು. ಎರಡು ವರ್ಷಗಳ ಹಿಂದೆ ಆಕೆಯ ಅಣ್ಣ ಕಂತಿನ ಮೇಲೆ ಅಂಥದೊಂದು ಸ್ಕೂಟರನ್ನು ತಂದಿದ್ದ. ಒಮ್ಮೆ ಚಾರ್ಜು ಮಾಡಿದರೆ ಐವತ್ತು ಕಿಲೋಮೀಟರು ಓಡುವುದೆಂದು ಮಾರಿದವರು ಹೇಳಿದ್ದರು. ಒಂದೂವರೆ ವರ್ಷದಲ್ಲಿ ಅದು ಹದಿನೈದು ಕಿಲೋಮೀಟರಿಗೇ ನಿಲ್ಲತೊಡಗಿತು. ವಿಚಾರಿಸಹೋದಾಗ ಅಂಗಡಿಯೇ ಮುಚ್ಚಿತ್ತು. ಕಂತುಗಳು ಮಾತ್ರ ಮುಗಿದಿರಲಿಲ್ಲ. ಆ ಗಾಡಿ ಇಂದಿಗೂ ದನದ ಕೊಟ್ಟಿಗೆಯಲ್ಲಿ ನಿಂತಿದೆ. "ದೊಡ್ಡಪ್ಪಾ, ನೀವ ಬಂದು ನೋಡಿದ ಮ್ಯಾಲೇ ತಗೋತೀನಿ" ಎಂದು ಮಗಳು ಪಟ್ಟು ಹಿಡಿದಳು.

ಮಠದಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನನಗೆ ಯಂತ್ರಶಾಸ್ತ್ರದ ಗಂಧವಿಲ್ಲ. ಆದರೂ ಪ್ರಮಾಣವಿಲ್ಲದ ಮಾತನ್ನು ಒಪ್ಪಬಾರದೆಂಬ ತರ್ಕದ ಪಾಠವು ವಾಹನಕ್ಕೂ ಸಲ್ಲುತ್ತದೆಯೆಂದು ಭಾವಿಸಿ ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಅದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವಿಚಾರಿಸಬೇಕಾದುದು ದಾರಿಯನ್ನು, ಗಾಡಿಯನ್ನಲ್ಲ. ನಮ್ಮ ದೇಶದ ನಿಯಮದಂತೆ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ ಮತ್ತು ಬ್ಯಾಟರಿಯನ್ನು ಬಿಟ್ಟು 60 ಕಿಲೋ ಮೀರದ ತೂಕವುಳ್ಳ, ಮಾನ್ಯ ಸಂಸ್ಥೆಯಿಂದ ಪರೀಕ್ಷಿತವಾದ ವಾಹನಕ್ಕೆ ನೋಂದಣಿಯೂ ಬೇಕಿಲ್ಲ, ಚಾಲನಾ ಪರವಾನಗಿಯೂ ಬೇಕಿಲ್ಲ. ಯುರೋಪಿನ ದೇಶಗಳಲ್ಲಿಯೂ ವಿದ್ಯುತ್ ಸೈಕಲ್ಲಿಗೆ ಇದೇ 250 ವ್ಯಾಟ್, 25 ಕಿಲೋಮೀಟರಿನ ಮಿತಿಯುಂಟು. ಇಂಥ ವಾಹನವು ಹಳ್ಳಿಯ ರಸ್ತೆಗೆ ಒಪ್ಪುವಂಥದು; ಹೆದ್ದಾರಿಗೆ ಸಲ್ಲದು. ಲಾರಿಗಳ ನಡುವೆ, ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಬದಿಯಲ್ಲಿ ಈ ವೇಗದಿಂದ ಸಾಗುವುದು ಅಪಾಯವನ್ನು ಆಹ್ವಾನಿಸಿದಂತೆ. ಮೂವತ್ತು ಕಿಲೋಮೀಟರಿಗೂ ಮಿಕ್ಕ ದೂರದ ಬೆಳಗಾವಿಗೆ ನಿತ್ಯ ಹೋಗುವವರು ಇದನ್ನು ನೆಚ್ಚಬಾರದು. ಅವರಿಗೆ ಬಸ್ಸು ಅಥವಾ ನೋಂದಣಿಯಾದ ದೊಡ್ಡ ವಾಹನವೇ ಯೋಗ್ಯ.

ಕೆಲವರು ಗಾಡಿಯ ವೇಗವನ್ನು ಗುಟ್ಟಾಗಿ ಏರಿಸಿಕೊಡುವುದುಂಟು. ಹಾಗೆ ಮಾಡಿದೊಡನೆ ಅದು ಕಾಯಿದೆಯ ದೃಷ್ಟಿಯಲ್ಲಿ ಮೋಟಾರು ವಾಹನವಾಗಿಬಿಡುತ್ತದೆ. ಅಪಘಾತ ಸಂಭವಿಸಿದರೆ ನೋಂದಣಿಯಿಲ್ಲ, ವಿಮೆಯಿಲ್ಲ. ಹೊಣೆಯೆಲ್ಲ ಮನೆಯವರ ತಲೆಯ ಮೇಲೆ.

ಎರಡನೆಯದು ಬ್ಯಾಟರಿಯ ವಿಚಾರ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರಲ್ಲಿರುವ ಶಕ್ತಿ ತಿಳಿಯುತ್ತದೆ. 36 ವೋಲ್ಟಿನ, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ತುಸು ಪೆಡಲು ತುಳಿಯುತ್ತ ಹೋದರೆ ಕಿಲೋಮೀಟರಿಗೆ ಸುಮಾರು 12 ವ್ಯಾಟ್-ಗಂಟೆ ಖರ್ಚು. ಭಾಗಿಸಿದರೆ 30 ಕಿಲೋಮೀಟರು. ಆದರೆ ಎದುರುಗಾಳಿ, ಏರು, ಕೆಟ್ಟ ರಸ್ತೆಗಳಿಗಾಗಿ ಮೂರರಲ್ಲೊಂದು ಪಾಲನ್ನು ಕಳೆದು 20 ಎಂದೇ ಹಿಡಿಯಬೇಕು. ಬ್ಯಾಟರಿ ಹಳತಾಗಿ ಐದರಲ್ಲೊಂದು ಪಾಲು ಶಕ್ತಿ ಕುಂದಿದರೂ 16 ಉಳಿಯುತ್ತದೆ. ನಮ್ಮ ಮಗಳ ಹೋಗಿಬರುವ ದಾರಿ 12 ಕಿಲೋಮೀಟರು. ಆದ್ದರಿಂದ ಅದು ಸಾಕು. ಒಮ್ಮೆ ಪೂರ್ತಿ ಚಾರ್ಜು ಮಾಡಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತು ತಗಲದು.

ಅಣ್ಣನ ಗಾಡಿ ಸೋತುದಕ್ಕೂ ಇಲ್ಲಿಯೇ ಉತ್ತರ ಸಿಕ್ಕಿತು. ಅದರಲ್ಲಿದ್ದುದು ಸೀಸದ ಬ್ಯಾಟರಿಗಳು. ನಿತ್ಯವೂ ಪೂರ್ತಿ ಬರಿದಾಗಿಸಿ ಮತ್ತೆ ತುಂಬಿಸುತ್ತಿದ್ದರೆ ಅವು ಕೆಲವು ನೂರು ಸಲಕ್ಕೇ ಬಸವಳಿಯುತ್ತವೆ. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು. ಆದರೆ ಅದು ಹಲವು ಪಟ್ಟು ಬಾಳುತ್ತದೆ, ತೂಕವೂ ಬಹಳ ಕಡಿಮೆ. ಅಗ್ಗವೆಂದು ತಂದುದೇ ಕೊನೆಗೆ ತುಟ್ಟಿಯಾಯಿತು.

ಮೂರನೆಯದು ತೂಕ. ನಮ್ಮ ಕಡೆಯ ಮನೆಗಳಲ್ಲಿ ಕಟ್ಟೆಯ ಮೆಟ್ಟಿಲೇರಿಸಿ ಗಾಡಿಯನ್ನು ಪಡಸಾಲೆಗೆ ಒಯ್ಯಬೇಕಾಗುತ್ತದೆ. ವಿದ್ಯುತ್ ಸೈಕಲ್ಲು ಸಾಮಾನ್ಯವಾಗಿ 20ರಿಂದ 25 ಕಿಲೋ ಇರುತ್ತದೆ. ದೊಡ್ಡ ಸ್ಕೂಟರುಗಳು ಅನೇಕ ವೇಳೆ 100 ಕಿಲೋ ಮೀರುತ್ತವೆ. ಅಂಗಡಿಯಲ್ಲಿ ನಾನು ಮಗಳಿಗೆ ಮೊದಲು ಹೇಳಿದ್ದು, ಓಡಿಸಿ ನೋಡೆಂದಲ್ಲ, ಎತ್ತಿ ನೋಡೆಂದು. ಎರಡು ಗಾಡಿಗಳು ಆ ಪರೀಕ್ಷೆಯಲ್ಲಿಯೇ ಬಿದ್ದುಹೋದವು. ಚಾರ್ಜು ತೀರಿದ ಮೇಲೆ ಬರಿಯ ಪೆಡಲಿನಿಂದ ತುಳಿಯಲು ಬರುವುದೋ ಇಲ್ಲವೋ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಬೇಕು.

ಸುರಕ್ಷತೆಯ ಮಾತನ್ನು ಹಗುರವಾಗಿ ಎಣಿಸಬಾರದು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಸರ್ಕಾರವು ಬ್ಯಾಟರಿಯ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಬೇಕು. ಮಲಗುವ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ, ಹುಲ್ಲಿನ ಬಣವೆಯ ಬಳಿಯಲ್ಲಿ ಚಾರ್ಜಿಗೆ ಹಚ್ಚಬಾರದು. ಬಿಸಿಲಿನಿಂದ ಬಂದೊಡನೆ ಹಚ್ಚದೆ, ಆರಿದ ಮೇಲೆ ಹಚ್ಚಬೇಕು. ಕಾಯಿದೆ ಕೇಳದಿದ್ದರೂ ಹೆಲ್ಮೆಟ್ಟನ್ನು ಧರಿಸಬೇಕು. ತಲೆಗೆ ಪೆಟ್ಟು ಬೀಳುವುದು ಪರವಾನಗಿಯನ್ನು ಕೇಳಿಯಲ್ಲ.

ವಿದ್ಯುತ್ ವಾಹನಗಳಿಗಾಗಿ 2017ರಲ್ಲಿಯೇ, ದೇಶದಲ್ಲಿ ಮೊದಲಿಗವಾಗಿ, ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ರಾಜ್ಯ ನಮ್ಮದು. ಆದರೆ ನಮ್ಮ ಹಳ್ಳಿಗಳಲ್ಲಿ ಗಾಡಿ ಕೆಟ್ಟರೆ ರಿಪೇರಿ ಮಾಡುವವರು ಯಾರೆಂಬುದೇ ನಿಜವಾದ ಪ್ರಶ್ನೆ. ಬ್ಯಾಟರಿಯ ವಾರಂಟಿಯನ್ನು ವರ್ಷಸಹಿತ ಬರಹದಲ್ಲಿ ಪಡೆಯಿರಿ. ಬೇರೆ ಬ್ಯಾಟರಿಯ ಇಂದಿನ ಬೆಲೆಯನ್ನು ಕೊಳ್ಳುವ ಮೊದಲೇ ಕೇಳಿರಿ. ಅದೇ ಗಾಡಿಯನ್ನು ವರ್ಷಕ್ಕಿಂತ ಹೆಚ್ಚು ಕಾಲ ಓಡಿಸಿದವರೊಬ್ಬರನ್ನು ಕಂಡು ಮಾತಾಡಿರಿ. ಅವರ ಒಂದು ಮಾತು ಹತ್ತು ಜಾಹೀರಾತಿಗೆ ಸಮ.

ಕೊನೆಗೆ ಮಗಳು ಲಿಥಿಯಂ ಬ್ಯಾಟರಿಯ ಸೈಕಲ್ಲೊಂದನ್ನು, ಕಂತಿಲ್ಲದೆ, ತಾನೇ ಕೂಡಿಟ್ಟ ಹಣದಿಂದ ಕೊಂಡಳು. ಬ್ಯಾಟರಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒಳಗೆ ಒಯ್ಯಲು ಬರುತ್ತದೆ. ಮಳೆಗಾಲದ ಜೋರು ದಿನಗಳಲ್ಲಿ ಇಂದಿಗೂ ಆಕೆ ಬಸ್ಸನ್ನೇ ಹಿಡಿಯುತ್ತಾಳೆ. ಉಳಿದ ದಿನ ಅರ್ಧ ಪಗಾರದ ಭಯವಿಲ್ಲ. ಕೊಟ್ಟಿಗೆಯ ಹಳೆಯ ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯದೆ, ಬ್ಯಾಟರಿ ಅಂಗಡಿಗೆ ಮರಳಿಸಬೇಕೆಂದು ಆಕೆಯ ಅಣ್ಣನಿಗೆ ಹೇಳಿದ್ದೇನೆ. ಸೀಸವು ವಿಷ, ಅದು ನೆಲಕ್ಕಿಳಿದರೆ ನಾವು ಕುಡಿಯುವ ನೀರಿಗೇ ಬರುತ್ತದೆ.

ಓದುಗ ಬಂಧುಗಳು ತಮ್ಮ ಮನೆಯ ಮಕ್ಕಳಿಗೆ ವಾಹನ ಕೊಡಿಸುವ ಮೊದಲು ಒಂದು ದಿನ ಅವರೊಡನೆ ಅವರ ದಾರಿಯಲ್ಲಿ ಹೋಗಿಬರಲಿ. ಎಂಥ ಗಾಡಿ ಬೇಕೆಂಬುದನ್ನು ಆ ದಾರಿಯೇ ಹೇಳುತ್ತದೆ.